ಹಾರರ್ ಸಿನಿಮಾದಲ್ಲಿ ಅಂಗವೈಕಲ್ಯ: ಒಬ್ಬರಿಗೆ ಪ್ರಶಸ್ತಿ, ಇನ್ನೊಬ್ಬರಿಂದ ಕ್ಷಮೆ, ಯಾಕೆ ಹೀಗೆ?

2025ರ ಜನವರಿಯಲ್ಲಿ ನಟ ಸೆಬಾಸ್ಟಿಯನ್ ಸ್ಟ್ಯಾನ್‌ಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಸಿನಿಮಾ ‘ಎ ಡಿಫರೆಂಟ್ ಮ್ಯಾನ್’. ದೊಡ್ಡ ಸ್ಟುಡಿಯೋದ ಭರಾಟೆ ಇಲ್ಲದ ಸ್ವತಂತ್ರ ಸಿನಿಮಾ ಅದು. ಮುಖದ ತುಂಬ ಗಡ್ಡೆಗಳಿರುವ ಮನುಷ್ಯನ ಪಾತ್ರ ಅವರದು. ಆ ಗಡ್ಡೆಗಳೆಲ್ಲ ಮೇಕಪ್. ಅದೇ ಸಿನಿಮಾದಲ್ಲಿ ಆಡಮ್ ಪಿಯರ್ಸನ್ ಎಂಬ ಬ್ರಿಟಿಷ್ ನಟರೂ ಇದ್ದಾರೆ. ಅವರಿಗೆ ನ್ಯೂರೋಫೈಬ್ರೊಮಾಟೋಸಿಸ್ ಎಂಬ ಆನುವಂಶಿಕ ಸಮಸ್ಯೆ ಇದೆ. ಅವರ ಮುಖದ ಗಡ್ಡೆಗಳು ಮೇಕಪ್ ಅಲ್ಲ. ಅಂದರೆ ನಿಜವಾಗಿ ಅಂಥ ಮುಖ ಇರುವವರು ಅದೇ ಫ್ರೇಮಿನಲ್ಲಿದ್ದರು, ಪ್ರಶಸ್ತಿ ಮಾತ್ರ ಮೇಕಪ್ ಹಾಕಿಕೊಂಡವರಿಗೆ ಹೋಯಿತು. ಆದರೂ ಸಿನಿಮಾಕ್ಕೆ ಸಿಕ್ಕಿದ್ದು ಹೆಚ್ಚಾಗಿ ಮೆಚ್ಚುಗೆಯೇ.

ಇದಕ್ಕೂ ಮೊದಲು, 2020ರ ನವೆಂಬರಿನಲ್ಲಿ, ವಾರ್ನರ್ ಬ್ರದರ್ಸ್ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತ್ತು. ‘ದಿ ವಿಚಸ್’ ಸಿನಿಮಾದ ಮಾಟಗಾತಿಗೆ ಒಂದೊಂದು ಕೈಯಲ್ಲೂ ಮೂರೇ ಬೆರಳು ತೋರಿಸಿದ್ದರು. ಹುಟ್ಟಿನಿಂದ ಬೆರಳುಗಳು ಕಮ್ಮಿ ಇರುವ ಕೆಲವರ ಕೈ ಥೇಟ್ ಹಾಗೇ ಇರುತ್ತದೆ. ಬ್ರಿಟನ್ನಿನ ಪ್ಯಾರಾಲಿಂಪಿಕ್ ಈಜುಗಾರ್ತಿ ಏಮಿ ಮ್ಯಾರನ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಆ ಪಾತ್ರ ಮಾಡಿದ್ದ ಆ್ಯನ್ ಹ್ಯಾಥವೇ ಕೂಡ ಕ್ಷಮೆ ಕೇಳಿದರು.

2025ರಲ್ಲೇ ಇನ್ನೊಂದು ಸುದ್ದಿಯೂ ಬಂತು. ‘ದಿ ಎಲಿಫೆಂಟ್ ಮ್ಯಾನ್’ ನಾಟಕವನ್ನು ಆಧರಿಸಿದ ಹೊಸ ಸಿನಿಮಾದಲ್ಲಿ, ಮುಖ, ಮೈ ವಿಪರೀತ ಬೆಳೆದಿದ್ದ 19ನೇ ಶತಮಾನದ ಇಂಗ್ಲಿಷ್ ವ್ಯಕ್ತಿ ಜೋಸೆಫ್ ಮೆರಿಕ್ ಪಾತ್ರಕ್ಕೆ ಪಿಯರ್ಸನ್ ಆಯ್ಕೆಯಾಗಿದ್ದಾರೆ ಅಂತ.

ಮೂರೂ ಸುದ್ದಿಯನ್ನು ಪಕ್ಕಪಕ್ಕ ಇಟ್ಟು ಓದಿದರೆ ತಲೆ ಕೆಡುತ್ತದೆ ಅಲ್ವಾ? ಮುಖಕ್ಕೆ ಗಡ್ಡೆ ಅಂಟಿಸಿಕೊಂಡರೆ ಪ್ರಶಸ್ತಿ. ಕೈಯಲ್ಲಿ ಎರಡು ಬೆರಳು ಕಮ್ಮಿ ಮಾಡಿದರೆ ಕ್ಷಮೆ. ಹಾಗಾದರೆ ನಿಯಮ ಏನು? ಬರೆದಿಟ್ಟ ನಿಯಮ ಯಾವುದೂ ಇಲ್ಲ. ಆದರೆ ಈ ಗೊಂದಲದ ಹಿಂದೆ ಒಂದು ಲೆಕ್ಕಾಚಾರ ಇದೆ. ಅದರ ಅರ್ಧ ಹಾರರ್ ಸಿನಿಮಾದ ಕಸುಬಿನಲ್ಲಿದೆ, ಇನ್ನರ್ಧ ದುಡ್ಡಿನಲ್ಲಿ.

## ನೀಲಿ ಬೆಂಚು

ಕಥೆ ಶುರುವಾಗುವುದು ಮೊದಲ ಮಹಾಯುದ್ಧದ ಕಂದಕಗಳಿಂದ. ಸೈನಿಕನ ಮೈ ಮಣ್ಣಿನ ಮರೆಯಲ್ಲಿ, ತಲೆ ಮಾತ್ರ ಮೇಲೆ. ಹಾಗಾಗಿ ಗುಂಡು, ಶೆಲ್ಲಿನ ಚೂರು ಮುಖಕ್ಕೇ ಬಂದು ಬಡಿಯುತ್ತಿತ್ತು. ಜೀವ ಉಳಿಸುವಷ್ಟು ವೈದ್ಯಕೀಯ ಮುಂದುವರಿದಿತ್ತು. ದವಡೆ, ಮೂಗು, ಕೆನ್ನೆ ಕಳೆದುಕೊಂಡ ಸಾವಿರಾರು ಗಂಡಸರು ಮನೆಗೆ ಬಂದರು.

1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಇಂಥವರಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ಇವತ್ತಿನ ಪ್ಲಾಸ್ಟಿಕ್ ಸರ್ಜರಿಗೆ ಹೆರಾಲ್ಡ್ ಗಿಲ್ಲಿಸ್ ಎಂಬ ಸರ್ಜನ್ ದಾರಿ ಮಾಡಿಕೊಟ್ಟಿದ್ದು ಅಲ್ಲೇ. ಊರಿಗೂ ಆಸ್ಪತ್ರೆಗೂ ನಡುವಿನ ರಸ್ತೆಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಆಸ್ಪತ್ರೆಯ ರೋಗಿ ಕೂತಿರಬಹುದು, ಮುಖ ನೋಡಿ ಬೆಚ್ಚಬೇಡಿ ಅಂತ ಊರವರಿಗೆ ಮುನ್ಸೂಚನೆ.

ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಆ ಬೆಂಚು ಮಾಡಿದ ಕೆಲಸ ನೋಡಿ. ಮುಖ ಕಾಣುವ ಮೊದಲೇ ‘ಹೆದರಲು ತಯಾರಾಗು’ ಅಂತ ಹೇಳಿಬಿಟ್ಟಿತು. ಹಾರರ್ ಸಿನಿಮಾದ ಹಿನ್ನೆಲೆ ಸಂಗೀತ ಮಾಡುವುದೂ ಅದನ್ನೇ.

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಹಾಲಿವುಡ್ಡಿನ ಮೊದಲ ದೊಡ್ಡ ಭಯಾನಕ ಪಾತ್ರಗಳು ಬಂದವು. 1923ರಲ್ಲಿ ಚರ್ಚಿನ ಗಂಟೆ ಬಾರಿಸುವ ಗೂನುಬೆನ್ನಿನವನು, 1925ರಲ್ಲಿ ಮುಖವಾಡ ತೊಟ್ಟ ‘ಫ್ಯಾಂಟಮ್ ಆಫ್ ದಿ ಆಪೆರಾ’. ಎರಡೂ ಪಾತ್ರ ಲಾನ್ ಚೇನಿ ಅವರದೇ. ಯುದ್ಧದಲ್ಲಿ ಹಾಳಾದ ಮುಖಗಳ ನೆನಪಿಗೂ ಈ ಪಾತ್ರಗಳಿಗೂ ಕೆಲವು ಸಿನಿಮಾ ಇತಿಹಾಸಕಾರರು ನಂಟು ಕಟ್ಟುತ್ತಾರೆ. ಚೇನಿಯ ಬಗ್ಗೆ ಇನ್ನೊಂದು ವಿಷಯ ಇದೆ. ಅವರ ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಮಾತಿಲ್ಲದೆ ಮುಖದಲ್ಲಿ, ಕೈಯಲ್ಲಿ ಎಲ್ಲ ಹೇಳುವುದನ್ನು ಅವರು ಕಲಿತಿದ್ದು ಮನೆಯಲ್ಲೇ. ಮೂಕಿ ಸಿನಿಮಾದ ಹಾರರ್ ನಟನೆಗೆ ಒಂದು ದೊಡ್ಡ ಮೂಲ ಅಂಗವೈಕಲ್ಯ ಇರುವವರ ಮನೆಭಾಷೆ. ಆ ಸಾಲ ತೆರೆಯ ಮೇಲೆ ತೀರಿದ್ದು ಮಾತ್ರ ವಿಚಿತ್ರ ರೀತಿಯಲ್ಲಿ.

## ಎರಡನೇ ಶಾಟ್ ತೆಗೆದುಬಿಡಿ

ಹಾರರ್‌ನ ಮಾಮೂಲಿ ದೃಶ್ಯ ಒಂದನ್ನು ಬಿಚ್ಚಿ ನೋಡೋಣ. ಮೊದಲ ಶಾಟಿನಲ್ಲಿ ಮಂದ ಬೆಳಕು, ಒಬ್ಬನ ಬೆನ್ನು ಮಾತ್ರ ಕಾಣುತ್ತದೆ. ಎರಡನೆಯದರಲ್ಲಿ ಬಾಗಿಲಲ್ಲಿ ನಿಂತ ಹುಡುಗಿ, ಅಗಲವಾದ ಕಣ್ಣು, ಕಿರುಚಾಟ. ಮೂರನೆಯದರಲ್ಲಿ ತಿರುಗಿದ ಅವನ ಮುಖ, ಸುಟ್ಟ ಗಾಯದ ಗುರುತು.

ಈಗ ಎಡಿಟಿಂಗಿನಲ್ಲಿ ಎರಡನೇ ಶಾಟ್ ತೆಗೆದುಬಿಡಿ. ಸಂಗೀತವನ್ನೂ ಆಫ್ ಮಾಡಿ. ಏನು ಉಳಿಯಿತು? ಒಬ್ಬ ಮನುಷ್ಯ ತಿರುಗಿ ನೋಡಿದ. ಅಷ್ಟೇ.

ಭಯ ಇದ್ದದ್ದು ಆ ಕಿರುಚಾಟದಲ್ಲಿ. ಪ್ರೇಕ್ಷಕ ಮುಖ ನೋಡುವ ಮೊದಲೇ ಆ ಮುಖಕ್ಕೆ ಹೇಗೆ ಸ್ಪಂದಿಸಬೇಕು ಅಂತ ಅವನಿಗೆ ಪಾಠ ಆಗಿರುತ್ತದೆ. ಚಿತ್ರಕಥೆ ಬರೆಯುವವರಿಗೆ ಇದು ಬಲು ಸುಲಭದ ದಾರಿ. ಒಬ್ಬ ಯಾಕೆ ಕೆಟ್ಟವನಾದ ಅಂತ ಬರೆಯಲು ಪುಟಗಟ್ಟಲೆ ಬೇಕು. ಕೆನ್ನೆಯ ಮೇಲೊಂದು ಗಾಯದ ಗುರುತು ಎಳೆಯಲು ಅರ್ಧ ಸಾಲು ಸಾಕು.

ಮಾಟಗಾತಿಯ ಬೆರಳಿನ ವಿಷಯದಲ್ಲಿ ಆದದ್ದು ಇದೇ. ಕೈಗವಸು ಕಳಚಿದಾಗ ಕಾಣುವ ಆ ಕೈ ಕಥೆಯಲ್ಲಿ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ. ‘ಇವಳು ಮನುಷ್ಯಳಲ್ಲ’ ಅಂತ ತೋರಿಸಲು ಮಾತ್ರ ಅದು ಅಲ್ಲಿದೆ. ಅದು ಮಕ್ಕಳೂ ನೋಡುವ ಸಿನಿಮಾ ಬೇರೆ. ಅಂಥದ್ದೇ ಕೈ ಇರುವ ಮಗು ಮರುದಿನ ಶಾಲೆಗೆ ಹೋದಾಗ ಪಕ್ಕದಲ್ಲಿ ಕೂತವರಿಗೆ ಮೊದಲು ನೆನಪಾಗುವುದೇನು?

‘ಎ ಡಿಫರೆಂಟ್ ಮ್ಯಾನ್’ನಲ್ಲಿ ಕ್ಯಾಮೆರಾ ಆಚೆ ಬದಿಗೆ ಹೋಗಿ ನಿಂತಿದೆ. ಎಡ್ವರ್ಡ್ ಎಂಬ ನಾಯಕ ಒಂದು ಪ್ರಾಯೋಗಿಕ ಚಿಕಿತ್ಸೆ ತೆಗೆದುಕೊಳ್ಳುತ್ತಾನೆ. ಮುಖದ ಮಾಂಸ ಕಳಚಿ ಬೀಳುತ್ತದೆ, ಒಳಗಿನಿಂದ ‘ಸುಂದರ’ ಮುಖ ಬರುತ್ತದೆ. ಈ ಸಿನಿಮಾದ ಹಾರರ್ ಇರುವುದು ವಾಸಿಯಾಗುವ ಹೊತ್ತಿನಲ್ಲಿ. ಆಮೇಲೆ ಪಿಯರ್ಸನ್ ಮಾಡಿದ ಆಸ್ವಲ್ಡ್ ಬರುತ್ತಾನೆ. ಎಡ್ವರ್ಡ್ ಬಿಟ್ಟುಬಂದ ಮುಖದಂಥದ್ದೇ ಮುಖ ಅವನದು. ಆದರೆ ಹಾಡುತ್ತಾನೆ, ನಗಿಸುತ್ತಾನೆ, ಎಲ್ಲರಿಗೂ ಬೇಕಾದವನಾಗುತ್ತಾನೆ. ತನ್ನ ಬದುಕು ಕೆಟ್ಟದ್ದು ಮುಖದಿಂದಲೇ ಅಂತ ನಂಬಿದ್ದ ಎಡ್ವರ್ಡ್‌ಗೆ ಅದನ್ನು ನೋಡಿ ಹುಚ್ಚು ಹಿಡಿದಂತಾಗುತ್ತದೆ. ಇಲ್ಲಿ ಮೇಕಪ್ ಹಾಕಿದ್ದಕ್ಕೆ ಕಥೆಯೊಳಗೇ ಕಾರಣ ಇದೆ, ಮೇಕಪ್ಪಿನ ಪಕ್ಕದಲ್ಲಿ ನಿಜವಾದ ಮನುಷ್ಯನೂ ಇದ್ದಾನೆ. ನಿರ್ದೇಶಕ ಆರನ್ ಶಿಂಬರ್ಗ್ ಸ್ವತಃ ಸೀಳಂಗುಳದೊಂದಿಗೆ ಹುಟ್ಟಿದವರು.

ಒಂದಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ಕ್ಷಮೆ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. ಕ್ಯಾಮೆರಾ ಕಿರುಚುವವರ ಪಕ್ಕ ನಿಂತಿದೆಯೋ, ಕಿರುಚಿಸಿಕೊಳ್ಳುವವರ ಪಕ್ಕ ನಿಂತಿದೆಯೋ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ.

## 1932ರಲ್ಲಿ ಎಂಜಿಎಂ ಕಲಿತ ಪಾಠ

‘ನಿಜವಾದವರನ್ನೇ ಹಾಕಿಕೊಳ್ಳಿ’ ಅನ್ನುವುದು ಹೊಸ ಬೇಡಿಕೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. 1932ರಲ್ಲೇ ಒಬ್ಬರು ಹಾಗೆ ಮಾಡಿದ್ದರು. ಎಂಜಿಎಂ ಸ್ಟುಡಿಯೋಗೆ ಟಾಡ್ ಬ್ರೌನಿಂಗ್ ತೆಗೆದ ‘ಫ್ರೀಕ್ಸ್’ ಅದು. ಬ್ರೌನಿಂಗ್ ಹುಡುಗನಾಗಿದ್ದಾಗ ಸರ್ಕಸ್ ಗುಂಪಿನ ಜೊತೆ ಊರೂರು ಸುತ್ತಿದವರು. ಕೈಕಾಲಿಲ್ಲದ ಪ್ರಿನ್ಸ್ ರಾಂಡಿಯನ್, ಸೊಂಟದ ಕೆಳಗೆ ದೇಹವೇ ಇಲ್ಲದಂತೆ ಕಾಣುತ್ತಿದ್ದ ಜಾನಿ ಎಕ್, ಸಯಾಮಿ ಅವಳಿಗಳಾದ ಡೈಸಿ, ವಯಲೆಟ್ ಹಿಲ್ಟನ್ ಹೀಗೆ ಪ್ರದರ್ಶನಗಳಲ್ಲಿ ದುಡಿಯುತ್ತಿದ್ದವರನ್ನೇ ಅವರು ನಟರಾಗಿ ತಂದರು.

ಸಿನಿಮಾದ ಮುಕ್ಕಾಲು ಭಾಗ ದಿನನಿತ್ಯದ ಬದುಕು. ರಾಂಡಿಯನ್ ಬಾಯಿಯಲ್ಲೇ ಕಡ್ಡಿ ಗೀರಿ ಸಿಗರೇಟ್ ಹಚ್ಚುತ್ತಾರೆ. ಅದನ್ನು ನೋಡಿ ಯಾರೂ ಕಿರುಚುವುದಿಲ್ಲ. ಪಕ್ಕದಲ್ಲಿರುವವನು ತನ್ನ ಪಾಡಿಗೆ ಮಾತಾಡುತ್ತಿರುತ್ತಾನೆ. ಎರಡನೇ ಶಾಟ್ ಇಲ್ಲದ ದೃಶ್ಯ ಅಂದರೆ ಇದೇ. ಇಲ್ಲಿ ಕೆಟ್ಟವಳು ಸುಂದರಿಯಾದ ಟ್ರಪೀಜ್ ಕಲಾವಿದೆ. ದುಡ್ಡಿನ ಆಸೆಗೆ ಕುಳ್ಳ ದೇಹದ ಹ್ಯಾನ್ಸ್‌ನನ್ನು ಮದುವೆಯಾಗಿ ಅವನಿಗೆ ವಿಷ ಹಾಕುತ್ತಾಳೆ. ಆದರೆ ಕೊನೆಗೆ ಬ್ರೌನಿಂಗ್ ಕೂಡ ಹಳೇ ದಾರಿಗೇ ಬಂದರು. ಮಳೆ, ಕತ್ತಲೆ, ಕೆಸರಲ್ಲಿ ಚಾಕು ಹಿಡಿದು ತೆವಳುತ್ತ ಬರುವ ದೇಹಗಳು. ಒಂದು ಗಂಟೆ ಕಾಲ ಮನುಷ್ಯರಾಗಿ ಕಂಡವರು ಐದು ನಿಮಿಷದಲ್ಲಿ ಮತ್ತೆ ಭೂತಗಳಾದರು.

ಪ್ರೇಕ್ಷಕರು ಗಾಬರಿಯಾದರು. ಸ್ಟುಡಿಯೋ ಸುಮಾರು 90 ನಿಮಿಷದ ಸಿನಿಮಾವನ್ನು 64 ನಿಮಿಷಕ್ಕೆ ಕತ್ತರಿಸಿತು. ಬ್ರಿಟನ್‌ನಲ್ಲಿ 30 ವರ್ಷ ಅದಕ್ಕೆ ನಿಷೇಧ ಇತ್ತು. 1994ರಲ್ಲಿ ಅದೇ ಸಿನಿಮಾ ಅಮೆರಿಕದ ರಾಷ್ಟ್ರೀಯ ಸಿನಿಮಾ ದಾಖಲೆಯ ಪಟ್ಟಿಗೆ ಸೇರಿತು.

ಸೆಟ್ಟಿನಲ್ಲಿ ನಡೆದದ್ದು ಇನ್ನೂ ಮುಖ್ಯ. ಈ ನಟರು ಕ್ಯಾಂಟೀನಿಗೆ ಬಂದರೆ ನಮಗೆ ಊಟ ಇಳಿಯಲ್ಲ ಅಂತ ಸ್ಟುಡಿಯೋದ ಉಳಿದವರು ದೂರು ಕೊಟ್ಟರು. ಬಹುಪಾಲು ನಟರಿಗೆ ಹೊರಗೆ ಟೆಂಟ್ ಹಾಕಿ ಊಟ ಹಾಕಿದರು. ತೆರೆಯ ಮೇಲೆ ‘ಇವರೂ ನಮ್ಮಂತೆಯೇ’ ಅನ್ನುವ ಸಿನಿಮಾ, ತೆರೆಯ ಹಿಂದೆ ಬೇರೆ ಪಂಕ್ತಿ.

ನಂತರದ ದಶಕಗಳಲ್ಲಿ ಸ್ಟುಡಿಯೋಗಳು ಹಿಡಿದ ದಾರಿ ನೋಡಿದರೆ ಅವು ಕಲಿತ ಪಾಠ ಗೊತ್ತಾಗುತ್ತದೆ. ವಿಕಾರ ಬೇಕು, ಆದರೆ ಸಂಜೆ ಬಿಸಿನೀರಲ್ಲಿ ತೊಳೆದರೆ ಹೋಗುವಂಥದ್ದು ಬೇಕು. ಅಪವಾದಕ್ಕೆ ಇದ್ದವರು ರಾಂಡೊ ಹ್ಯಾಟನ್. ಆಕ್ರೊಮೆಗಲಿ ಎಂಬ ಹಾರ್ಮೋನ್ ತೊಂದರೆಯಿಂದ ಅವರ ಮುಖದ ಮೂಳೆ ಬೆಳೆದಿತ್ತು. 1940ರ ದಶಕದಲ್ಲಿ ಯೂನಿವರ್ಸಲ್ ಸಂಸ್ಥೆ ಅವರನ್ನು ಮೇಕಪ್ ಬೇಕಿಲ್ಲದ ರಾಕ್ಷಸ ಅಂತ ಮಾರಿತು. ಅವರು ತೀರಿಕೊಂಡಿದ್ದು 1946ರಲ್ಲಿ. ಕೊನೆಯ ಸಿನಿಮಾಗಳು ಬಿಡುಗಡೆ ಆದಾಗ ಅವರೇ ಇರಲಿಲ್ಲ. ನಿಜವಾದ ವ್ಯಕ್ತಿಯನ್ನೇ ಹಾಕಿಕೊಂಡರೆ ಸಾಲದು ಅನ್ನುವುದಕ್ಕೆ ಹ್ಯಾಟನ್‌ಗಿಂತ ಬೇರೆ ಸಾಕ್ಷಿ ಬೇಕಿಲ್ಲ.

## ಬೇಡ ಅನ್ನುವವರು, ಬಿಡಬೇಡಿ ಅನ್ನುವವರು

2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಒಂದು ಪ್ರಕಟಣೆ ಕೊಟ್ಟಿತು. ಮುಖದ ಗಾಯದ ಗುರುತನ್ನು ಕೆಟ್ಟತನದ ಚಿಹ್ನೆಯಾಗಿ ಬಳಸುವ ಸಿನಿಮಾಗಳಿಗೆ ಇನ್ನು ದುಡ್ಡು ಕೊಡುವುದಿಲ್ಲ ಅಂತ. ಮುಖದಲ್ಲಿ ಗುರುತು, ಗಾಯ ಇರುವವರ ಪರ ಕೆಲಸ ಮಾಡುವ ‘ಚೇಂಜಿಂಗ್ ಫೇಸಸ್’ ಸಂಸ್ಥೆಯ ‘ನಾನು ನಿಮ್ಮ ವಿಲನ್ ಅಲ್ಲ’ ಅನ್ನುವ ಅಭಿಯಾನ ಇದರ ಹಿಂದೆ ಇತ್ತು. ಅವರ ವಾದ ಸರಳ. ವಿಲನ್‌ಗೆ ಗಾಯ ಇದ್ದರೆ ತಪ್ಪಿಲ್ಲ, ಆದರೆ ಗಾಯ ಇರುವ ನಾಯಕ, ಡಾಕ್ಟರ್, ಪಕ್ಕದ ಮನೆಯವನು ಯಾರೂ ತೆರೆಯ ಮೇಲೆ ಇಲ್ಲದಿರುವಾಗ ವಿಲನ್ ಒಬ್ಬನೇ ಇಡೀ ಸಮುದಾಯದ ಪ್ರತಿನಿಧಿ ಆಗಿಬಿಡುತ್ತಾನೆ.

ಆ ‘ಯಾರೂ ಇಲ್ಲ’ ಅನ್ನುವುದು ಉತ್ಪ್ರೇಕ್ಷೆ ಅಲ್ಲ. ಜಗತ್ತಿನ ಸುಮಾರು 130 ಕೋಟಿ ಜನರಿಗೆ, ಅಂದರೆ ಶೇ 16ರಷ್ಟು ಮಂದಿಗೆ, ಗಣನೀಯ ಅಂಗವೈಕಲ್ಯ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚು ಗಳಿಕೆಯ 100 ಹಾಲಿವುಡ್ ಸಿನಿಮಾಗಳ ಮಾತಾಡುವ ಪಾತ್ರಗಳನ್ನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ತಂಡ ಪ್ರತಿವರ್ಷ ಎಣಿಸುತ್ತದೆ. ಅಂಗವೈಕಲ್ಯ ಇರುವ ಪಾತ್ರಗಳ ಪಾಲು ಹೆಚ್ಚುಕಮ್ಮಿ ಶೇ 2ರಲ್ಲೇ ನಿಂತಿದೆ.

ಎದುರು ವಾದ ಮಾಡುವವರಲ್ಲಿ ಅಂಗವೈಕಲ್ಯ ಇರುವ ಹಾರರ್ ಅಭಿಮಾನಿಗಳೂ ಇದ್ದಾರೆ. ಇದು ಹೊರಗಿನವರಿಗೆ ಆಶ್ಚರ್ಯ. ಆದರೆ ಯೋಚಿಸಿ, ‘ಫ್ರಾಂಕೆನ್‌ಸ್ಟೈನ್’ ಸಿನಿಮಾದಲ್ಲಿ ಊರಿನವರೆಲ್ಲ ಪಂಜು ಹಿಡಿದು ಅಟ್ಟಿಸಿಕೊಂಡು ಬರುವಾಗ ಓಡುವ ಆ ಜೀವಿಯ ಜೊತೆ ಯಾರ ಮನಸ್ಸು ನಿಲ್ಲುತ್ತದೆ? ಬೇರೆ ಯಾವ ಬಗೆಯ ಸಿನಿಮಾದಲ್ಲೂ ತಮ್ಮಂಥ ದೇಹ ಕಥೆಯ ನಡುವೆ ಇರುವುದಿಲ್ಲ, ಹಾರರ್‌ನಲ್ಲಾದರೂ ಇದೆ ಅನ್ನುವುದು ಅವರ ಮಾತು. ವಿಲನ್ ಪಾತ್ರಗಳನ್ನೂ ಮುಚ್ಚಿಬಿಟ್ಟರೆ ಉಳಿಯುವುದು ಎರಡೇ: ಪಾಪದವರು, ಇಲ್ಲ ಸ್ಫೂರ್ತಿಯ ಚಿಲುಮೆಗಳು. ಎರಡೂ ಬೇಜಾರು.

ಭಾರತದ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಕೊಟ್ಟ ಒಂದು ತೀರ್ಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಷಯ ಹಾಸ್ಯ ಸಿನಿಮಾದ್ದು, ಆದರೆ ತರ್ಕ ಹಾರರ್‌ಗೂ ಹೊಂದುತ್ತದೆ. ಅಂಗವೈಕಲ್ಯದ ಸುತ್ತ ಹುಟ್ಟುವ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನು ಕುಗ್ಗಿಸುವ ಹಾಸ್ಯ ಬೇರೆ ಅಂದಿತು ಕೋರ್ಟ್. ಮೊದಲನೆಯದು ಅರ್ಥ ಮಾಡಿಸುತ್ತದೆ, ಎರಡನೆಯದು ಹೀಯಾಳಿಸುತ್ತದೆ. ಅವರನ್ನು ಗೇಲಿ ಮಾಡುವುದೂ ಬೇಡ, ಅತಿಮಾನುಷರಂತೆ ತೋರಿಸುವುದೂ ಬೇಡ, ಚಿತ್ರಿಸುವಾಗ ಅವರನ್ನೇ ಕೇಳಿ ಅಂತ ಮಾರ್ಗಸೂಚಿಯನ್ನೂ ಕೊಟ್ಟಿತು. ‘ಹಾಸ್ಯ’ ಇದ್ದಲ್ಲೆಲ್ಲ ‘ಭಯ’ ಅಂತ ಹಾಕಿ ಓದಿದರೆ ಈ ಜಗಳಕ್ಕೆ ಒಂದು ಒಳ್ಳೆಯ ಅಳತೆಗೋಲು ಸಿಗುತ್ತದೆ.

‘ನಟನೆ ಅಂದರೇ ಬೇರೆಯವರಾಗುವುದು ತಾನೇ’ ಅನ್ನುವ ಮೂರನೇ ವಾದವೂ ಇದೆ. ಸರಿಯಾದ ಮಾತೇ. ಆದರೆ ದಾರಿ ಒಂದೇ ಕಡೆಗೆ ತೆರೆದಿದೆ. ಕಿವಿ ಕೇಳಿಸುವ ನಟಿ ಕಿವಿ ಕೇಳಿಸದ ಲೇಖಕಿಯಾಗಿ ಹಾರರ್ ಸಿನಿಮಾದಲ್ಲಿ ನಟಿಸುತ್ತಾಳೆ, ಉಲ್ಟಾ ನಡೆಯುವುದಿಲ್ಲ. ನಟನೆಗೆ ಆಸ್ಕರ್ ಗೆದ್ದ ಕಿವಿ ಕೇಳಿಸದವರು ಇಬ್ಬರೇ. 1987ರಲ್ಲಿ ಮಾರ್ಲೀ ಮ್ಯಾಟ್ಲಿನ್, ಆಮೇಲೆ 2022ರಲ್ಲಿ ಟ್ರಾಯ್ ಕೋಟ್ಸರ್. ನಡುವೆ 35 ವರ್ಷ.

## ಕಣ್ಣಿಗೆ ಕಾಣದ್ದು

ಮುಖ, ಕೈಕಾಲಿನ ಬಗ್ಗೆ ಇಷ್ಟು ಚರ್ಚೆ ಆಗುತ್ತದೆ, ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಹಾರರ್ ಜಗ್ಗುವುದೇ ಇಲ್ಲ. 2016ರ ‘ಸ್ಪ್ಲಿಟ್’ನಲ್ಲಿ ಒಬ್ಬನೊಳಗೆ ಹಲವು ವ್ಯಕ್ತಿತ್ವಗಳಿರುವ ಕಾಯಿಲೆಯೇ ರಾಕ್ಷಸನನ್ನು ಹುಟ್ಟಿಸುತ್ತದೆ. ಆ ಕಾಯಿಲೆಗೆ ಚಿಕಿತ್ಸೆ ಕೊಡುವ ತಜ್ಞರ ಸಂಘ ಬಹಿರಂಗವಾಗಿ ಆಕ್ಷೇಪಿಸಿತು. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಜಾಸ್ತಿ. ಆದರೆ 90 ಲಕ್ಷ ಡಾಲರಿನಲ್ಲಿ ತೆಗೆದ ಸಿನಿಮಾ 27 ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿತು. ಅಷ್ಟು ಲಾಭ ಕೊಡುವ ಸೂತ್ರವನ್ನು ಸಭ್ಯತೆಯ ಕಾರಣಕ್ಕೆ ಯಾರು ಬಿಡುತ್ತಾರೆ? ಇಲ್ಲಿಂದ ದುಡ್ಡಿನ ಮಾತಿಗೆ ಬರಬಹುದು.

## ಅಗ್ಗದ ಸಿನಿಮಾ ತೆರೆಯುವ ಬಾಗಿಲು

ಹಾರರ್‌ಗೆ ಒಂದು ವಿಶೇಷ ಗುಣ ಇದೆ. ಅದಕ್ಕೆ ಸ್ಟಾರ್ ಬೇಡ. ಜನ ಬರುವುದು ಹೆದರಲಿಕ್ಕೆ, ಯಾರು ನಟಿಸಿದ್ದಾರೆ ಅಂತ ನೋಡಲಿಕ್ಕಲ್ಲ. 1968ರಲ್ಲಿ ಸುಮಾರು 1.14 ಲಕ್ಷ ಡಾಲರಿನಲ್ಲಿ ಮುಗಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೆ ಡ್ವೇನ್ ಜೋನ್ಸ್ ಎಂಬ ಹೆಸರಿಲ್ಲದ ಕಪ್ಪು ನಟ ನಾಯಕನಾದರು. ಆ ಕಾಲದಲ್ಲಿ ದೊಡ್ಡ ಸ್ಟುಡಿಯೋಗಳು ಕಪ್ಪು ನಾಯಕನ ಮೇಲೆ ದುಡ್ಡು ಹಾಕಲು ಹಿಂದೆಮುಂದೆ ನೋಡುತ್ತಿದ್ದವು. ಕಳೆದುಕೊಳ್ಳುವ ದುಡ್ಡು ಕಮ್ಮಿ ಇದ್ದರೆ ಧೈರ್ಯ ಜಾಸ್ತಿ.

ಅಂಗವೈಕಲ್ಯದ ವಿಷಯದಲ್ಲೂ ಅದೇ ಬಾಗಿಲು ಈಗ ತೆರೆಯುತ್ತಿದೆ. 2018ರ ‘ಎ ಕ್ವೈಟ್ ಪ್ಲೇಸ್’ ದೊಡ್ಡ ಸ್ಟುಡಿಯೋದ್ದೇ ಆದರೂ ಬಜೆಟ್ 1.7 ಕೋಟಿ ಡಾಲರ್ ಮಾತ್ರ. ಕಿವಿ ಕೇಳಿಸದ ಮಿಲಿಸೆಂಟ್ ಸಿಮಂಡ್ಸ್ ಮಗಳ ಪಾತ್ರದಲ್ಲಿದ್ದರು. ಸದ್ದು ಮಾಡಿದರೆ ಸಾವು ಅನ್ನುವ ಲೋಕದಲ್ಲಿ ಈ ಕುಟುಂಬ ಉಳಿದಿರುವುದಕ್ಕೆ ಒಂದು ಕಾರಣ, ಮಗಳಿಗಾಗಿ ಕಲಿತ ಸನ್ನೆ ಭಾಷೆ. ಅವಳ ಕಡೆಯಿಂದ ದೃಶ್ಯ ನೋಡುವಾಗ ಸಿನಿಮಾದ ಸದ್ದೇ ನಿಂತುಹೋಗುತ್ತದೆ. ಕೊನೆಗೆ ರಾಕ್ಷಸರನ್ನು ಸೋಲಿಸುವುದು ಅವಳ ಕಿವಿಯ ಸಾಧನ ಹುಟ್ಟಿಸುವ ಕರ್ಕಶ ಸದ್ದು. ಗಳಿಕೆ ಸುಮಾರು 34 ಕೋಟಿ ಡಾಲರ್.

2020ರ ‘ರನ್’ ಇನ್ನೂ ಚೊಕ್ಕ ಉದಾಹರಣೆ. ನಾಯಕಿ ಕೀರಾ ಆ್ಯಲನ್ ನಿಜ ಜೀವನದಲ್ಲೂ ವೀಲ್‌ಚೇರ್ ಬಳಸುತ್ತಾರೆ. ಮಗಳಿಗೆ ಅಮ್ಮ ಕೊಡುವ ಮಾತ್ರೆಯ ಮೇಲೆ ಅನುಮಾನ. ಕೋಣೆಗೆ ಬೀಗ ಬೀಳುತ್ತದೆ. ಅವಳು ಕಿಟಕಿಯಿಂದ ಸೂರಿನ ಮೇಲೆ ತೆವಳುತ್ತಾಳೆ. ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್, ಬಾಯಿ ತುಂಬ ನೀರು. ಪಕ್ಕದ ಕೋಣೆಯ ಕಿಟಕಿ ಗಾಜನ್ನು ಐರನ್ನಿನಿಂದ ಕಾಯಿಸಿ, ಬಾಯಲ್ಲಿದ್ದ ನೀರು ಉಗಿದು ಗಾಜು ಸೀಳಿಸುತ್ತಾಳೆ. ಇಲ್ಲಿ ವೀಲ್‌ಚೇರ್ ಭಯದ ವಸ್ತು ಅಲ್ಲ. ನೋಡಿಕೊಳ್ಳುವ ಕೈಯೇ ಬೀಗ ಹಾಕಿದರೆ ಏನು ಗತಿ ಅನ್ನುವುದು ಭಯ. ಬೇರೆಯವರ ಆರೈಕೆಯಲ್ಲಿ ಬದುಕುವವರಿಗೆ ಚೆನ್ನಾಗಿ ಗೊತ್ತಿರುವ ಭಯ ಅದು. ಗೊತ್ತಿಲ್ಲದವರು ಬರೆದಿದ್ದರೆ ಕತ್ತಲಲ್ಲಿ ತಾನಾಗಿ ಉರುಳುವ ಗಾಲಿಕುರ್ಚಿಯನ್ನೇ ತೋರಿಸಿ ಮುಗಿಸುತ್ತಿದ್ದರು.

## ಪಾಳುಬಂಗಲೆಯ ಮೆಟ್ಟಿಲು

ಹಾಗಾದರೆ ಸ್ವತಂತ್ರ ಸಿನಿಮಾಗಳಲ್ಲಿ ಎಲ್ಲ ಸರಿಹೋಗುತ್ತಿದೆಯಾ? ಇಲ್ಲ. ಯಾಕೆಂದರೆ ಯಾವ ಬಡತನ ಬಾಗಿಲು ತೆರೆಯುತ್ತದೋ ಅದೇ ಬಡತನ ಮೆಟ್ಟಿಲನ್ನೂ ಕಟ್ಟುತ್ತದೆ.

ಅಗ್ಗದ ಹಾರರ್‌ಗೆ ಅಗ್ಗದ ಲೊಕೇಶನ್ ಬೇಕು. ಪಾಳುಬಂಗಲೆ, ಮುಚ್ಚಿದ ಆಸ್ಪತ್ರೆ, ಕಾಡಿನೊಳಗಿನ ಮನೆ. ಇಲ್ಲೆಲ್ಲ ರ‍್ಯಾಂಪ್ ಇರುವುದಿಲ್ಲ, ವೀಲ್‌ಚೇರ್ ಒಳಗೆ ಹೋಗುವ ಟಾಯ್ಲೆಟ್ ಇರುವುದಿಲ್ಲ. ದಿನದ ಲೆಕ್ಕದಲ್ಲಿ ಬಾಡಿಗೆ, ಹಾಗಾಗಿ ರಾತ್ರಿಯಿಡೀ ಶೂಟಿಂಗ್. ಹೊಗೆಯ ಯಂತ್ರ ಉಬ್ಬಸ ಇರುವವರಿಗೆ ಆಗದು, ಮಿಂಚುವ ದೀಪ ಮೂರ್ಛೆರೋಗ ಇರುವವರಿಗೆ ಅಪಾಯ. ಸನ್ನೆ ಭಾಷೆಯ ದುಭಾಷಿ ಒಬ್ಬರು ಸಾಲದು. ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು, ಇಲ್ಲದಿದ್ದರೆ ತಪ್ಪುಗಳು ನುಸುಳುತ್ತವೆ. ಅಂದರೆ ಇಬ್ಬರಿಗೆ ಸಂಬಳ. ದೊಡ್ಡ ಬಜೆಟ್‌ನಲ್ಲಿ ಇದೆಲ್ಲ ಲೆಕ್ಕಕ್ಕೇ ಬಾರದ ಖರ್ಚು. ಚಿಕ್ಕ ಸಿನಿಮಾದಲ್ಲಿ ಒಂದು ದಿನದ ಶೂಟಿಂಗ್ ಹೋದಂತೆ.

ನಿರ್ಮಾಪಕ ಹಿಂಜರಿಯುವುದು ಇಲ್ಲಿ. ದ್ವೇಷದಿಂದ ಅಲ್ಲ, ಗೊತ್ತಿಲ್ಲದ ಖರ್ಚಿನ ಭಯದಿಂದ. ಅದಕ್ಕೇ ಬೇಡಿಕೆಗಳನ್ನು ಕೇಳುವ ಕಾಲ ಮುಖ್ಯ. ಲೊಕೇಶನ್ ಹುಡುಕುವ ಮೊದಲು ಕೇಳಿದರೆ ಮೆಟ್ಟಿಲಿಲ್ಲದ ಮನೆಯನ್ನೇ ಹುಡುಕಬಹುದು, ಖರ್ಚು ಸೊನ್ನೆ. ಶೂಟಿಂಗ್ ದಿನ ಬೆಳಗ್ಗೆ ಗೊತ್ತಾದರೆ ನಾಲ್ಕು ಜನ ಸೇರಿ ನಟಿಯನ್ನು ಎತ್ತಿಕೊಂಡು ಹತ್ತಬೇಕು. ಅವರಿಗೆ ಅವಮಾನ, ತಂಡಕ್ಕೆ ತಡ. ಬ್ರಿಟನ್ನಿನಲ್ಲಿ 2021ರಲ್ಲಿ ಲೇಖಕ ಜ್ಯಾಕ್ ಥಾರ್ನ್ ಟಿವಿ ಉದ್ಯಮ ಅಂಗವೈಕಲ್ಯ ಇರುವವರನ್ನು ಕೈಬಿಟ್ಟಿದೆ ಅಂತ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ನೇರವಾಗಿ ಹೇಳಿದರು. ನಂತರ ಅಲ್ಲಿ ‘ಆ್ಯಕ್ಸೆಸ್ ಕೋಆರ್ಡಿನೇಟರ್’ ಎಂಬ ಕೆಲಸವೇ ಬೆಳೆಯತೊಡಗಿತು. ಯಾರಿಗೆ ಏನು ಬೇಕು ಅಂತ ಮೊದಲೇ ಕೇಳಿ ಏರ್ಪಾಟು ಮಾಡುವುದು ಇವರ ಕೆಲಸ.

ತಮಾಷೆಯ ವಿಷಯ ಅಂದರೆ ವೀಲ್‌ಚೇರ್ ಸ್ವತಂತ್ರ ಸಿನಿಮಾಗೆ ಹೊಸತೇನಲ್ಲ. ಫ್ರೆಂಚ್ ನಿರ್ದೇಶಕ ಗೊದಾರ್ ತಮ್ಮ ಮೊದಲ ಕಥಾಚಿತ್ರಕ್ಕೆ ಟ್ರಾಲಿ ಬದಲು ಕ್ಯಾಮೆರಾಮನ್ ರೌಲ್ ಕುತಾರ್ ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿ ತಳ್ಳಿದ್ದರು. ಅಲ್ಲಿಂದ ಇಲ್ಲಿಯವರೆಗೆ ದುಡ್ಡಿಲ್ಲದ ಎಷ್ಟೋ ತಂಡಗಳು ಅದನ್ನೇ ಮಾಡಿವೆ. ಕ್ಯಾಮೆರಾ ಕೂರಬೇಕು ಅಂದರೆ ಹಲಗೆ ಹಾಸಿ ನೆಲ ಸಮ ಮಾಡುತ್ತಾರೆ. ನಟ ಕೂತರೆ ಮಾತ್ರ ಅದು ‘ಹೆಚ್ಚುವರಿ ಖರ್ಚು’.

ಶಿಂಬರ್ಗ್ ಅವರ ಹಿಂದಿನ ಸಿನಿಮಾ ‘ಚೈನ್ಡ್ ಫಾರ್ ಲೈಫ್’ ಇದನ್ನೇ ಕಥೆ ಮಾಡಿಕೊಂಡಿತ್ತು. ಹಳೇ ಆಸ್ಪತ್ರೆಯೊಂದರಲ್ಲಿ ಹಾರರ್ ಸಿನಿಮಾದ ಶೂಟಿಂಗ್. ಸಂಜೆಯಾದರೆ ಉಳಿದವರೆಲ್ಲ ಹೋಟೆಲಿಗೆ, ಅಂಗವೈಕಲ್ಯ ಇರುವ ನಟರ ವಾಸ ಮಾತ್ರ ಆ ಆಸ್ಪತ್ರೆಯಲ್ಲೇ. 1932ರ ಟೆಂಟ್ ನೆನಪಾಗದೆ ಇರದು. ರಾತ್ರಿ ಅವರೇನು ಮಾಡುತ್ತಾರೆ ಗೊತ್ತಾ? ಅಲ್ಲಿ ಬಿಟ್ಟುಹೋದ ಕ್ಯಾಮೆರಾ ತೆಗೆದುಕೊಂಡು ತಮ್ಮದೇ ಸಿನಿಮಾ ತೆಗೆಯುತ್ತಾರೆ.

ಬಂಡವಾಳದ ಚಕ್ರ ಇನ್ನೊಂದು ತೊಡಕು. ದುಡ್ಡು ಹಾಕುವವರು ಹೆಸರಿರುವ ನಟ ಬೇಕು ಅನ್ನುತ್ತಾರೆ. ಪಾತ್ರ ಸಿಗದೆ ಹೆಸರು ಬರುವುದಿಲ್ಲ, ಹೆಸರಿಲ್ಲದೆ ಪಾತ್ರ ಸಿಗುವುದಿಲ್ಲ. 2018ರಲ್ಲಿ ಬಿಬಿಸಿಯ ಯೋಜನೆಯೊಂದಕ್ಕೆ ಮೆರಿಕ್ ಪಾತ್ರ ಅಂಥ ಮುಖ ಇಲ್ಲದ ನಟ ಚಾರ್ಲಿ ಹೀಟನ್‌ಗೆ ಹೋದಾಗ ಪಿಯರ್ಸನ್ ಬೇಸರಪಟ್ಟಿದ್ದು ಪಾತ್ರ ಸಿಗಲಿಲ್ಲ ಅಂತ ಅಲ್ಲ, ಆಡಿಷನ್‌ಗೂ ಕರೆಯಲಿಲ್ಲ ಅಂತ. ಅಂಗವೈಕಲ್ಯ ಇರುವ ತಂಡಗಳು ಐದು ದಿನದಲ್ಲಿ ಕಿರುಚಿತ್ರ ಮಾಡುವ ‘ಈಸ್ಟರ್‌ಸೀಲ್ಸ್ ಡಿಸೆಬಿಲಿಟಿ ಫಿಲ್ಮ್ ಚಾಲೆಂಜ್’ನಂಥ ಸ್ಪರ್ಧೆಗಳು ಈ ಚಕ್ರ ಮುರಿಯಲಿಕ್ಕೇ ಹುಟ್ಟಿದವು. ತೋರಿಸಲು ಕೈಯಲ್ಲಿ ಒಂದು ಕೆಲಸ ಇದ್ದರೆ ಮುಂದಿನ ಬಾಗಿಲು ತಟ್ಟಬಹುದು.

## ಮುಂದೆ ಏನಾಗಬಹುದು

ಒಂದು ಪರಿಣಾಮ ಈಗಲೇ ಊಹಿಸಬಹುದು. ಕ್ಷಮೆ ಕೇಳುವ ಪ್ರಸಂಗ ಬರಬಾರದು ಅಂತ ದೊಡ್ಡ ಸ್ಟುಡಿಯೋಗಳು ಅಂಗವೈಕಲ್ಯ ಇರುವ ಪಾತ್ರಗಳನ್ನೇ ಕೈಬಿಡಬಹುದು. ತಲೆನೋವೇ ಬೇಡ ಅಂತ. ಹಾಗಾದರೆ ಶೇ 2 ಇದ್ದದ್ದು ಇನ್ನೂ ಕಮ್ಮಿಯಾಗುತ್ತದೆ. ಆಸ್ಕರ್ ಅಕಾಡೆಮಿ 2024ರ ಅತ್ಯುತ್ತಮ ಚಿತ್ರ ಪ್ರಶಸ್ತಿಯಿಂದ ಜಾರಿಗೆ ತಂದ ಒಳಗೊಳ್ಳುವಿಕೆಯ ನಿಯಮಗಳಲ್ಲಿ ಅಂಗವೈಕಲ್ಯವೂ ಇದೆ. ಆದರೆ ಬೇರೆ ಗುಂಪುಗಳಿಂದಲೇ ಆ ಷರತ್ತು ಪೂರೈಸಬಹುದು, ಹಾಗಾಗಿ ಒತ್ತಡ ಕಮ್ಮಿ. ನಿಷೇಧ, ನಿಯಮಗಳಿಗಿಂತ ಬರೆಯುವ ಕೋಣೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ಈವರೆಗಿನ ಸಿನಿಮಾಗಳಿಂದ ಕಾಣುತ್ತದೆ.

ಇನ್ನು ಮೆರಿಕ್ ಕಥೆಯ ಹೊಸ ಸಿನಿಮಾ. 1980ರಲ್ಲಿ ಡೇವಿಡ್ ಲಿಂಚ್ ಇದೇ ವ್ಯಕ್ತಿಯ ಬಗ್ಗೆ ಸಿನಿಮಾ ತೆಗೆದಾಗ ಜಾನ್ ಹರ್ಟ್ ದಿನಕ್ಕೆ ಏಳೆಂಟು ಗಂಟೆ ಮೇಕಪ್ ಕುರ್ಚಿಯಲ್ಲಿ ಕೂರುತ್ತಿದ್ದರು. ಆ ಮೇಕಪ್ಪಿಗೆ ಆಸ್ಕರ್ ಗೌರವ ಸಿಗಲಿಲ್ಲ ಅಂತ ಗಲಾಟೆ ಆಯಿತು. ಮುಂದಿನ ವರ್ಷವೇ ಅಕಾಡೆಮಿ ಮೇಕಪ್ಪಿಗೆ ಪ್ರತ್ಯೇಕ ಪ್ರಶಸ್ತಿ ಶುರುಮಾಡಿತು. ಮೊದಲನೆಯದು ಹೋಗಿದ್ದು ಒಂದು ತೋಳಮನುಷ್ಯನ ಹಾರರ್‌ಗೆ. ‘ಎ ಡಿಫರೆಂಟ್ ಮ್ಯಾನ್’ 2025ರಲ್ಲಿ ನಾಮನಿರ್ದೇಶನಗೊಂಡಿದ್ದೂ ಇದೇ ವಿಭಾಗಕ್ಕೆ.

ರಂಗದ ಮೇಲೆ ಮಾತ್ರ ಬೇರೆ ಪದ್ಧತಿ. ಹೊಸ ಸಿನಿಮಾಕ್ಕೆ ಆಧಾರವಾದ ಬರ್ನಾರ್ಡ್ ಪಾಮರನ್ಸ್ ನಾಟಕದಲ್ಲಿ ಮೆರಿಕ್ ಪಾತ್ರಕ್ಕೆ ಮೇಕಪ್ ಹಾಕುವುದಿಲ್ಲ. ಡೇವಿಡ್ ಬೋವಿ, ಬ್ರ್ಯಾಡ್ಲಿ ಕೂಪರ್ ಎಲ್ಲರೂ ಮೈ ತಿರುಚಿಯೇ ಅದನ್ನು ತೋರಿಸಿದರು. ಈಗ ಪಿಯರ್ಸನ್ ಬರುತ್ತಿದ್ದಾರೆ.

ಲಿಂಚ್ ಸಿನಿಮಾದಲ್ಲಿ ಸುಮಾರು ಅರ್ಧ ಗಂಟೆ ಮೆರಿಕ್ ಮುಖವನ್ನು ಪ್ರೇಕ್ಷಕರಿಗೆ ಸರಿಯಾಗಿ ತೋರಿಸುವುದಿಲ್ಲ. ಕೊನೆಗೆ ಊಟ ತಂದ ನರ್ಸ್ ಬಾಗಿಲು ತೆರೆಯುತ್ತಾಳೆ, ನೋಡುತ್ತಾಳೆ, ಕಿರುಚುತ್ತಾಳೆ. ಆಗಲೇ ನಮಗೂ ಮುಖ ಕಾಣುವುದು. ಮೆರಿಕ್‌ನನ್ನು ಅಷ್ಟು ಪ್ರೀತಿಯಿಂದ ಕಂಡ ಸಿನಿಮಾಗೂ ಆ ಎರಡನೇ ಶಾಟ್ ಬೇಕಾಯಿತು. ಹೊಸ ಸಿನಿಮಾ ಬಂದಾಗ ಮೊದಲು ನೋಡಬೇಕಾದ್ದು, ಆ ಬಾಗಿಲು ತೆರೆಯುವ ಹೊತ್ತಿಗೆ ಕ್ಯಾಮೆರಾವನ್ನು ಕೋಣೆಯ ಹೊರಗೆ ಇಟ್ಟಿದ್ದಾರೋ ಒಳಗೋ ಅಂತ.